ಬ್ರಿಟನ್ನಿನಲ್ಲಿ ಫಾರ್ಮಸಿಸ್ಟ್ ಆಗಿದ್ದೇನೆ, ಚೀಟಿ ಬರೆಯುವ ಕೋರ್ಸ್ ಮಾಡಲೇಬೇಕಾ?

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವಳು. ಊರಲ್ಲಿ ಬಿ.ಫಾರ್ಮ್ ಮುಗಿಸಿ, ಇಲ್ಲಿ ಬಂದು ಹೊರದೇಶದ ಫಾರ್ಮಸಿಸ್ಟರಿಗಿರುವ ಓಸ್‌ಪ್ಯಾಪ್ ಕೋರ್ಸ್ ಮಾಡಿ, ಒಂದು ವರ್ಷದ ತರಬೇತಿ, ಪರೀಕ್ಷೆ ಎಲ್ಲ ದಾಟಿ 2019ರಿಂದ ಲೆಸ್ಟರ್‌ನ ಒಂದು ಫಾರ್ಮಸಿಯಲ್ಲಿ ಕೆಲಸ ಮಾಡುತ್ತಿದ್ದೇನೆ. 2026ರಿಂದ ಹೊಸದಾಗಿ ಬರುವ ಹುಡುಗರೆಲ್ಲ ಓದು ಮುಗಿಸುವಾಗಲೇ ಪ್ರಿಸ್ಕ್ರೈಬರ್, ಅಂದರೆ ತಾವೇ ಔಷಧಿ ಚೀಟಿ ಬರೆಯುವವರು, ಆಗಿರುತ್ತಾರಂತೆ. ನಾವು ಹಳಬರು ಅದರ ಕೋರ್ಸ್ ಮಾಡದಿದ್ದರೆ ಕೆಲಸ ಹೋಗುತ್ತದೆ ಎಂದು ಎಲ್ಲರೂ ಹೆದರಿಸುತ್ತಿದ್ದಾರೆ. ನಮ್ಮ ಮ್ಯಾನೇಜರ್ ಬೇಗ ಅರ್ಜಿ ಹಾಕು ಅನ್ನುತ್ತಾರೆ, ಆದರೆ ನನ್ನನ್ನು ಕೂರಿಸಿಕೊಂಡು ಕಲಿಸುವ ಡಾಕ್ಟರ್ ಯಾರೂ ಸಿಗುತ್ತಿಲ್ಲ. ಸ್ಟೆತಾಸ್ಕೋಪ್ ಕೈಯಲ್ಲಿ ಹಿಡಿದೇ ಇಲ್ಲ ನಾನು. ಆರು ತಿಂಗಳ ಕೋರ್ಸಿನಲ್ಲಿ ಡಾಕ್ಟರ್ ಕೆಲಸ ಕಲಿಯೋಕೆ ಆಗುತ್ತಾ? ತಪ್ಪಾದರೆ ಯಾರ ತಲೆಗೆ ಬರುತ್ತದೆ? ನನ್ನ ಗಂಡ, ಕೋರ್ಸ್ ಮುಗಿಸಿ ತೂಕ ಇಳಿಸುವ ಇಂಜೆಕ್ಷನ್ ಬರೆಯುವ ಆನ್‌ಲೈನ್ ಕಂಪನಿ ಸೇರು, ಮನೆಯಿಂದಲೇ ಒಳ್ಳೆ ದುಡ್ಡು ಅನ್ನುತ್ತಾರೆ. ಅಮ್ಮನದು ಇನ್ನೊಂದು ಪ್ರಶ್ನೆ: ಇದು ಮಾಡಿದರೆ ಊರಿಗೆ ವಾಪಸ್ ಬಂದು ಕ್ಲಿನಿಕ್ ಇಡಬಹುದಾ ಅಂತ!

ಉತ್ತರ:

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇದ್ದರೂ ಭಯ ಒಂದೇ, ಹಿಂದೆ ಉಳಿದುಬಿಡುತ್ತೇನೋ ಅನ್ನುವುದು. ಅದನ್ನು ಮೊದಲು ನೋಡೋಣ, ಯಾಕೆಂದರೆ ಆ ಭಯಕ್ಕೇ ಅರ್ಜಿ ಹಾಕಿ, ಅರ್ಧಕ್ಕೆ ನಿಲ್ಲಿಸಿದವರನ್ನು ಜಾಸ್ತಿಯೇ ನೋಡಿದ್ದೇನೆ. ನಾನು ಜಿಪಿ ಸರ್ಜರಿಯಲ್ಲಿ, ಅಂದರೆ ಇಲ್ಲಿನ ಕುಟುಂಬ ವೈದ್ಯರ ದವಾಖಾನೆಯಲ್ಲಿ, ಬಿಪಿ, ಶುಗರ್ ಕ್ಲಿನಿಕ್ ನಡೆಸುವ ಫಾರ್ಮಸಿಸ್ಟ್. ನಿಮ್ಮಂಥವರಿಗೆ ಮೇಲ್ವಿಚಾರಕಿಯಾಗಿಯೂ ಕೂರುತ್ತೇನೆ. ಹಾಗಾಗಿ ಈ ಕೋರ್ಸಿನ ಎರಡೂ ಕಡೆಯ ಕುರ್ಚಿ ನನಗೆ ಗೊತ್ತು.

2026ರ ಸುದ್ದಿ ನಿಜ. ಇಲ್ಲಿನ ಫಾರ್ಮಸಿಸ್ಟರನ್ನು ನೋಂದಾಯಿಸುವ ಜನರಲ್ ಫಾರ್ಮಸ್ಯೂಟಿಕಲ್ ಕೌನ್ಸಿಲ್, ಅಂದರೆ ಜಿಪಿಎಚ್‌ಸಿ, 2021ರ ಜನವರಿಯಲ್ಲಿ ಹೊಸ ಮಾನದಂಡ ತಂದಿತು. ಅದರ ಪ್ರಕಾರ ಇಲ್ಲಿನ ಮೂಲ ಫಾರ್ಮಸಿ ಪದವಿಯಾದ ಎಂ.ಫಾರ್ಮ್ ಮುಗಿಸಿ 2025-26ರ ತರಬೇತಿ ವರ್ಷ ಮಾಡಿದವರು ರಿಜಿಸ್ಟರ್ ಆಗುವ ದಿನವೇ ಸ್ವತಂತ್ರ ಪ್ರಿಸ್ಕ್ರೈಬರ್ ಆಗಿರುತ್ತಾರೆ. ಆದರೆ ಅದರಿಂದ ನಿಮ್ಮ ನೋಂದಣಿಗೆ ಏನೂ ಆಗುವುದಿಲ್ಲ. ಕೋರ್ಸ್ ಮಾಡದ ಫಾರ್ಮಸಿಸ್ಟ್ ನಾಳೆಯೂ ಫಾರ್ಮಸಿಸ್ಟೇ. ಇಂಥ ತಾರೀಕಿನೊಳಗೆ ಮಾಡಲೇಬೇಕು ಎಂಬ ನಿಯಮ ಹಳಬರಿಗೆ ಇಲ್ಲ. ಕೆಲಸದ ಮಾರುಕಟ್ಟೆ ಮಾತ್ರ ನಿಧಾನವಾಗಿ ಬದಲಾಗುತ್ತದೆ, ಜಿಪಿ ಸರ್ಜರಿಯ ಕೆಲಸಗಳಲ್ಲಿ ಈಗಾಗಲೇ ಬದಲಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಇನ್ನು, ಆ ಹೊಸ ಹುಡುಗರ ಹತ್ತಿರ ಚೀಟಿ ಬರೆಯುವ ಹಕ್ಕು ಇರುತ್ತದೆ. ಆರು ವರ್ಷ ಕೌಂಟರಿನಲ್ಲಿ ನಿಂತು ಯಾರ ಮುಖ ನೋಡಿದರೆ ಗಾಬರಿ ಬೀಳಬೇಕು ಅಂತ ಕಲಿತಿದ್ದೀರಲ್ಲ, ಅದು ಅವರ ಹತ್ತಿರ ಇರುವುದಿಲ್ಲ.

ಇದೆಲ್ಲ ನಿನ್ನೆ ಮೊನ್ನೆ ಶುರುವಾದದ್ದೂ ಅಲ್ಲ. 1999ರಲ್ಲಿ ಡಾಕ್ಟರ್ ಜೂನ್ ಕ್ರೌನ್ ಅವರ ಸಮಿತಿ, ವೈದ್ಯರಲ್ಲದವರೂ ಔಷಧಿ ಬರೆಯುವ ದಾರಿ ತೆರೆಯಬಹುದು ಎಂದು ವರದಿ ಕೊಟ್ಟಿತು. 2003ರಲ್ಲಿ ಫಾರ್ಮಸಿಸ್ಟರಿಗೆ ಮೊದಲ ಅವಕಾಶ ಬಂತು. ಆಗ ಡಾಕ್ಟರು ರೋಗ ಇದೇ ಅಂತ ಹೇಳಿ ಒಂದು ಯೋಜನೆ ಬರೆದಿಟ್ಟರೆ ಅದರೊಳಗೆ ಮಾತ್ರ ಬರೆಯಬಹುದಿತ್ತು. 2006ರಿಂದ ಸ್ವತಂತ್ರವಾಗಿ. 2012ರಿಂದ ಮಾರ್ಫಿನ್‌ನಂಥ ಕಟ್ಟುನಿಟ್ಟಿನ ಔಷಧಿಗಳೂ ಸೇರಿದವು, ವ್ಯಸನದ ಚಿಕಿತ್ಸೆಗೆ ಡೈಮಾರ್ಫಿನ್, ಕೊಕೇನ್, ಡಿಪಿಪನೋನ್ ಬರೆಯುವುದೊಂದನ್ನು ಬಿಟ್ಟು. ಬ್ರಿಟನ್ನಿನ ವೈದ್ಯರ ಸಂಘ 2005ರಲ್ಲಿ ಇದನ್ನು ಜೋರಾಗಿಯೇ ವಿರೋಧಿಸಿತ್ತು. ಈಗ ಅದೇ ಡಾಕ್ಟರುಗಳ ಸರ್ಜರಿಗಳು ಫಾರ್ಮಸಿಸ್ಟ್ ಬೇಕು ಅಂತ ಜಾಹೀರಾತು ಹಾಕುತ್ತವೆ. ಜಿಪಿಗಳು ಸಾಕಾಗುತ್ತಿಲ್ಲ, ಅಪಾಯಿಂಟ್‌ಮೆಂಟ್ ಸಿಗುತ್ತಿಲ್ಲ, ಇತ್ತ ಐದು ವರ್ಷ ಔಷಧಿಯನ್ನೇ ಓದಿದವರು ಡಬ್ಬಿಗೆ ಲೇಬಲ್ ಅಂಟಿಸುತ್ತಾ ಕೂತಿದ್ದಾರೆ. ಸರ್ಕಾರದ ಲೆಕ್ಕಾಚಾರ ಇಷ್ಟೇ.

ಹಾಗಾದರೆ ಇದು ಡಾಕ್ಟರ್ ಕೆಲಸವಾ? ಅಲ್ಲ. ಕಾನೂನಿನ ಕಣ್ಣಲ್ಲಿ ನೀವು ಬಹುತೇಕ ಯಾವ ಔಷಧಿಯನ್ನಾದರೂ ಬರೆಯಬಹುದು, ಆದರೆ ನಿಮಗೆ ಗೊತ್ತಿರುವ ವ್ಯಾಪ್ತಿಯೊಳಗೆ ಮಾತ್ರ. ಆ ವ್ಯಾಪ್ತಿಯ ಗೆರೆಯನ್ನು ಎಳೆಯುವವರು ನೀವೇ, ಅದನ್ನು ದಾಟಿದರೆ ಉತ್ತರ ಕೊಡಬೇಕಾದವರೂ ನೀವೇ. ಬಿಪಿಯಲ್ಲಿ ತರಬೇತಿ ಪಡೆದ ನಾನು ಮಕ್ಕಳ ಅಪಸ್ಮಾರಕ್ಕೆ ಔಷಧಿ ಬರೆದರೆ ಕಾನೂನು ತಡೆಯುವುದಿಲ್ಲ, ಕೌನ್ಸಿಲ್ ಮಾತ್ರ ಬಿಡುವುದಿಲ್ಲ.

ಇನ್ನೊಂದು ಗೊಂದಲ ಕೌಂಟರಿನವರಲ್ಲೇ ಇದೆ. 2024ರ ಜನವರಿ 31ರಿಂದ ಇಂಗ್ಲೆಂಡಿನಲ್ಲಿ ಫಾರ್ಮಸಿ ಫಸ್ಟ್ ನಡೆಯುತ್ತಿದೆಯಲ್ಲ, ಗಂಟಲು ನೋವು, ಕಿವಿ ನೋವು, ಸೈನಸ್, ಸರ್ಪಸುತ್ತು, ಹೆಂಗಸರ ಉರಿಮೂತ್ರ ಹೀಗೆ ಏಳು ತೊಂದರೆಗೆ ಔಷಧಿ ಕೊಡುವುದು. ಅದನ್ನು ಮಾಡುತ್ತಿದ್ದೇನೆ, ಅಂದರೆ ಅರ್ಧ ಪ್ರಿಸ್ಕ್ರೈಬರ್ ಆದಂತೆ ಅಂತ ಕೆಲವರು ಅಂದುಕೊಂಡಿದ್ದಾರೆ. ಅದು ಪಿಜಿಡಿ, ಪೇಷಂಟ್ ಗ್ರೂಪ್ ಡೈರೆಕ್ಷನ್. ಯಾರೋ ಮೊದಲೇ ಯೋಚಿಸಿ ಬರೆದಿಟ್ಟ ದಾರಿ. 16ರಿಂದ 64 ವರ್ಷದೊಳಗಿನ ಹೆಂಗಸು, ಗರ್ಭಿಣಿ ಅಲ್ಲ, ಲಕ್ಷಣಗಳು ಹೊಂದುತ್ತವೆ, ಸರಿ, ಮೂರು ದಿನ ನೈಟ್ರೋಫ್ಯುರಾಂಟಾಯಿನ್ ಕೊಡು. ದಾರಿಗೆ ಹೊಂದದವರನ್ನು ಜಿಪಿಗೆ ಕಳಿಸು. ಪ್ರಿಸ್ಕ್ರೈಬರ್ ಆದಮೇಲೆ ದಾರಿಯೇ ಇರುವುದಿಲ್ಲ, ಎದುರಿಗೆ ಬರೀ ಒಬ್ಬ ಮನುಷ್ಯ ಇರುತ್ತಾನೆ.

ಕಷ್ಟ ಇರುವುದು ಇಲ್ಲೇ, ಸ್ಟೆತಾಸ್ಕೋಪಿನಲ್ಲಿ ಅಲ್ಲ. ಫಾರ್ಮಸಿಸ್ಟರ ತಲೆ ಬೆಳೆದಿರುವುದೇ ಬೇರೆ ರೀತಿ. ಬೇರೆಯವರು ಬರೆದ ಚೀಟಿಯಲ್ಲಿ ತಪ್ಪು ಹುಡುಕುವುದರಲ್ಲಿ ನಾವು ಗಟ್ಟಿಗರು. ಡೋಸ್ ಜಾಸ್ತಿ ಆಯ್ತಾ, ಎರಡು ಔಷಧಿ ಜಗಳ ಆಡುತ್ತವಾ, ಕಿಡ್ನಿ ಹೇಗಿದೆ, ಎಲ್ಲ ಥಟ್ಟನೆ ಕಾಣುತ್ತದೆ. ಅದೇ ಖಾಲಿ ಚೀಟಿ ಮುಂದಿಟ್ಟು ಈಗ ನೀವೇ ಹೇಳಿ ಅಂದರೆ ಕೈ ನಿಂತುಬಿಡುತ್ತದೆ. ಇಲ್ಲದಿದ್ದರೆ ಇದರ ಉಲ್ಟಾ ಆಗುತ್ತದೆ: ಪ್ರತಿ ತೊಂದರೆಗೂ ಒಂದು ಮಾತ್ರೆ ನೆನಪಾಗುತ್ತದೆ, ಯಾಕೆಂದರೆ ನಮಗೆ ಗೊತ್ತಿರುವುದೇ ಮಾತ್ರೆ. ಕೋರ್ಸಿಗೆ ಬರುವ ಬಹಳಷ್ಟು ಜನ ಔಷಧಶಾಸ್ತ್ರದಲ್ಲಿ ಪಾಸಾಗುತ್ತಾರೆ, ಅದರಲ್ಲಿ ಸೋಲುವುದು ಕಷ್ಟ. ಒದ್ದಾಡುವುದು ಸರಿಯಾಗಿ ಗೊತ್ತಿಲ್ಲದಿದ್ದರೂ ಒಂದು ನಿರ್ಧಾರಕ್ಕೆ ಬರುವುದರಲ್ಲಿ, ಮತ್ತೆ ಏನನ್ನೂ ಬರೆಯದೆ ಕಳಿಸುವುದರಲ್ಲಿ.

ಒಂದು ಉದಾಹರಣೆ ಕಟ್ಟಿ ಹೇಳುತ್ತೇನೆ. 48 ವರ್ಷದ ಗಂಡಸು, ಟ್ಯಾಕ್ಸಿ ಓಡಿಸುತ್ತಾರೆ, ಫಾರ್ಮಸಿಯಲ್ಲಿ ಬಿಪಿ ನೋಡಿದಾಗ 156/96 ಬಂತು. ಓದಿಕೊಂಡ ಫಾರ್ಮಸಿಸ್ಟ್ ತಕ್ಷಣ ಹೇಳುತ್ತಾರೆ, 55ರ ಒಳಗೆ, ನಮ್ಮ ಕಡೆಯವರು, ಹಾಗಾದರೆ ಗೈಡ್‌ಲೈನ್ ಪ್ರಕಾರ ರಾಮಿಪ್ರಿಲ್ ಶುರು. ಗೈಡ್‌ಲೈನ್ ತಪ್ಪಲ್ಲ. ಆದರೆ ಮೊದಲು ಮಣಿಕಟ್ಟು ಹಿಡಿದು ನಾಡಿ ನೋಡಿದಿರಾ? ನಾಡಿ ತಾಳ ತಪ್ಪಿದ್ದರೆ ಆ ಎಲೆಕ್ಟ್ರಾನಿಕ್ ಮಷಿನ್ನಿನ ಅಂಕಿಯನ್ನು ನಂಬುವ ಹಾಗಿಲ್ಲ, ಕೈಯಲ್ಲೇ ಪಂಪ್ ಒತ್ತಿ ಸ್ಟೆತಾಸ್ಕೋಪ್ ಇಟ್ಟು ನೋಡಬೇಕು. ಎರಡೂ ತೋಳಲ್ಲಿ ನೋಡಿದಿರಾ? 15ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಇನ್ನೊಮ್ಮೆ ನೋಡಿ, ಜಾಸ್ತಿ ಬಂದ ತೋಳನ್ನೇ ಮುಂದೆ ಬಳಸಬೇಕು. ಕ್ಲಿನಿಕ್ಕಿಗೆ ಬಂದಾಗ ಮಾತ್ರ ಏರುವ ಬಿಪಿಯಾ ಅಂತ ತಿಳಿಯಲು 24 ಗಂಟೆಯ ಮಷಿನ್ ಕಟ್ಟಿ ಕಳಿಸಬೇಕು, ಅಲ್ಲಿ ಎಚ್ಚರ ಇರುವ ಹೊತ್ತಿನ ಸರಾಸರಿ 135/85 ಅಥವಾ ಮೇಲೆ ಬಂದರೆ ಮಾತ್ರ ಬಿಪಿ ಇದೆ ಅನ್ನಬಹುದು. ಇಷ್ಟೆಲ್ಲ ಆದಮೇಲೆ, ಮೊಣಕಾಲು ನೋವಿಗೆ ಏನಾದರೂ ತಗೋತೀರಾ ಅಂತ ಕೇಳಿದರೆ, ಹೌದು, ಸೂಪರ್‌ಮಾರ್ಕೆಟ್ಟಿನ ಐಬುಪ್ರೊಫೆನ್ ದಿನಾ ಮೂರು ಸಲ, ತಿಂಗಳುಗಟ್ಟಲೆಯಿಂದ ಅನ್ನುತ್ತಾರೆ. ಐಬುಪ್ರೊಫೆನ್ ಬಿಪಿ ಏರಿಸುತ್ತದೆ. ಅದರ ಜೊತೆಗೆ ರಾಮಿಪ್ರಿಲ್ ಸೇರಿಸಿದರೆ ಕಿಡ್ನಿಗೂ ಪೆಟ್ಟು. ಇಲ್ಲಿ ಸರಿಯಾದ ಚಿಕಿತ್ಸೆ ಐಬುಪ್ರೊಫೆನ್ ನಿಲ್ಲಿಸಿ, ಮೊಣಕಾಲಿಗೆ ಬೇರೆ ದಾರಿ ಹುಡುಕಿ, ಕೆಲವು ವಾರ ಬಿಟ್ಟು ಮತ್ತೆ ಅಳೆಯುವುದು. ಚೀಟಿ ಖಾಲಿ.

ಆಮೇಲೂ ಬಿಪಿ ಇಳಿಯದೆ ರಾಮಿಪ್ರಿಲ್ ಬರೆದಿರಿ ಅಂದುಕೊಳ್ಳಿ, ಕೆಲಸ ಅಲ್ಲಿಗೂ ಮುಗಿಯುವುದಿಲ್ಲ. ಶುರು ಮಾಡುವ ಮೊದಲು ರಕ್ತ ಪರೀಕ್ಷೆ, ಒಂದೆರಡು ವಾರದಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಂ ಮತ್ತೊಮ್ಮೆ. ಆ ರಿಪೋರ್ಟ್ ಶುಕ್ರವಾರ ಸಂಜೆ ಬಂದರೆ ನೋಡುವವರು ಯಾರು? ನೀವು ರಜೆ ಮೇಲೆ ದಾವಣಗೆರೆಗೆ ಹೋಗಿದ್ದರೆ? ಚೀಟಿ ಬರೆಯುವುದು ಐದು ನಿಮಿಷದ ಕೆಲಸ, ಅದರ ಬಾಲ ತಿಂಗಳುಗಟ್ಟಲೆ ಇರುತ್ತದೆ, ಕೋರ್ಸಿಗೆ ಸೇರುವಾಗ ಇದನ್ನು ಯಾರೂ ಹೇಳುವುದಿಲ್ಲ.

ಈಗ ಕೋರ್ಸಿನ ವಿಷಯ. ಕನಿಷ್ಠ 26 ದಿನದಷ್ಟು ಪಾಠ, ಅದರ ಮೇಲೆ ಕನಿಷ್ಠ 90 ಗಂಟೆ ರೋಗಿಗಳ ನಡುವೆ ಮೇಲ್ವಿಚಾರಣೆಯಲ್ಲಿ ಅಭ್ಯಾಸ. ಮೊದಲೆಲ್ಲ ಎರಡು ವರ್ಷದ ಅನುಭವ ಬೇಕು ಅಂತಿತ್ತು, 2022ರಲ್ಲಿ ಅದನ್ನು ತೆಗೆದರು, ನಿಮಗಂತೂ ಅದು ಲೆಕ್ಕಕ್ಕಿಲ್ಲ. ಪರೀಕ್ಷೆಯಲ್ಲಿ ಗಂಭೀರ ತೊಂದರೆಯನ್ನು ಗುರುತಿಸದಿದ್ದರೆ, ಅಥವಾ ರೋಗಿಗೆ ಹಾನಿಯಾಗುವಂಥ ಉತ್ತರ ಬರೆದರೆ, ಉಳಿದ ಅಂಕ ಎಷ್ಟೇ ಇದ್ದರೂ ಫೇಲ್. ಈ ಒಂದು ನಿಯಮ ನನಗೆ ತುಂಬಾ ಇಷ್ಟ.

ಆರು ತಿಂಗಳಲ್ಲಿ ಆಗುತ್ತಾ ಅಂದರೆ, ಒಂದು ಸಣ್ಣ ವ್ಯಾಪ್ತಿಗೆ ಆಗುತ್ತದೆ. ಆ ವ್ಯಾಪ್ತಿಯನ್ನು ಅರ್ಜಿ ಹಾಕುವ ಮೊದಲೇ ಆರಿಸಿಕೊಳ್ಳಬೇಕು. ಸಣ್ಣಪುಟ್ಟ ಕಾಯಿಲೆಗಳು ಅಂತ ಬರೆದು ಬರುವವರನ್ನು ಕಂಡರೆ ನನಗೆ ಹೆದರಿಕೆ, ಅದಕ್ಕಿಂತ ದೊಡ್ಡ ವ್ಯಾಪ್ತಿ ಇನ್ನೊಂದಿಲ್ಲ, ಕೆಮ್ಮು ಅಂತ ಬಂದವರಲ್ಲಿ ಏನೇನು ಇರಬಹುದು ಯೋಚಿಸಿ! ನಿಮ್ಮ ಜಾಗದಲ್ಲಿ ನಾನಿದ್ದರೆ ಬಿಪಿ ಆರಿಸಿಕೊಳ್ಳುತ್ತಿದ್ದೆ. 2021ರ ಅಕ್ಟೋಬರಿನಿಂದ ಇಂಗ್ಲೆಂಡಿನ ಫಾರ್ಮಸಿಗಳಲ್ಲಿ 40 ದಾಟಿದವರ ಬಿಪಿ ನೋಡುವ ಸೇವೆ ಇದೆ, ನೀವೂ ಮಾಡುತ್ತಿರಬಹುದು, 24 ಗಂಟೆಯ ಮಷಿನ್ ಕಟ್ಟುವುದೂ ಗೊತ್ತಿರಬಹುದು. ರೋಗ ಇದೆಯೋ ಇಲ್ಲವೋ ಅಂಕಿಯಲ್ಲಿ ಕಾಣುತ್ತದೆ, ಔಷಧಿಗಳು ನಿಮಗೆ ಬಾಯಿಪಾಠ. ಕಲಿಯಬೇಕಾದ ಪರೀಕ್ಷೆಗಳು ಕೆಲವೇ ಕೆಲವು: ನಾಡಿ, ಕೈಯಲ್ಲಿ ಬಿಪಿ, ಕಾಲಿನ ಬಾವು, ಮತ್ತೆ ಯಾರನ್ನು ಅವತ್ತೇ ಆಸ್ಪತ್ರೆಗೆ ಅಟ್ಟಬೇಕು ಅನ್ನುವುದು. 180/120 ದಾಟಿದೆ, ಜೊತೆಗೆ ಎದೆನೋವು, ಅಥವಾ ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಿದ್ದಾರೆ ಅಂದರೆ ಅಲ್ಲಿ ನಿಮ್ಮ ಚೀಟಿಗೆ ಕೆಲಸವಿಲ್ಲ. ಸ್ಟೆತಾಸ್ಕೋಪ್ ಹಿಡಿಯುವುದನ್ನು ಒಂದು ಮಧ್ಯಾಹ್ನದಲ್ಲಿ ಯಾರಾದರೂ ಕಲಿಸುತ್ತಾರೆ. ಕೇಳಿದ್ದು ಸರಿಯಾ ಅಂತ ನಂಬಿಕೆ ಬರಲು ಮಾತ್ರ ತುಂಬಾ ಜನರ ತೋಳಿಗೆ ಇಡಬೇಕು.

ಮೇಲ್ವಿಚಾರಕರು ಸಿಗದ ಕಥೆ. ಇದರಲ್ಲಿ ನಿಮ್ಮ ಪ್ರಯತ್ನದ್ದೇನೂ ತಪ್ಪಿಲ್ಲ. ಹೊಸ ತರಬೇತಿ ವರ್ಷದ ಪ್ರತಿ ಹುಡುಗನಿಗೂ ಅದೇ 90 ಗಂಟೆ ಬೇಕು, ನಿಮಗೂ ಬೇಕು, ಕೂರಿಸಿಕೊಳ್ಳುವವರು ಅವರೇ ಅಷ್ಟು ಜನ. ಎಷ್ಟೋ ಕಡೆ ಅವರಿಗೆ ಇದಕ್ಕೆ ಬಿಡಿಗಾಸೂ ಸಿಗುವುದಿಲ್ಲ. ಆದರೆ ನೀವು ಬರೀ ಡಾಕ್ಟರನ್ನು ಹುಡುಕುತ್ತಿದ್ದೀರಿ. ಅನುಭವ ಇರುವ, ಈಗಲೂ ಚೀಟಿ ಬರೆಯುತ್ತಿರುವ ನರ್ಸ್ ಆಗಲಿ ಫಾರ್ಮಸಿಸ್ಟ್ ಆಗಲಿ 2019ರಿಂದ ಡಿಪಿಪಿ, ಅಂದರೆ ಹೊಣೆ ಹೊತ್ತು ಕಲಿಸುವ ಮೇಲ್ವಿಚಾರಕರು, ಆಗಬಹುದು. ಬಿಪಿಯ ವಿಷಯದಲ್ಲಂತೂ ಸರ್ಜರಿಯ ಹಿರಿಯ ನರ್ಸ್ ಎಷ್ಟೋ ಸಲ ಡಾಕ್ಟರಿಗಿಂತ ಒಳ್ಳೆ ಗುರು. ಎಲ್ಲ ಗಂಟೆಯೂ ಅವರೊಬ್ಬರ ಹತ್ತಿರವೇ ಕಳೆಯಬೇಕು ಅಂತಲೂ ಇಲ್ಲ, ಕೆಲವಷ್ಟು ಬೇರೆಯವರ ಜೊತೆ ಕೂರಬಹುದು, ಕೊನೆಗೆ ಸಹಿ ಹಾಕುವ ಹೊಣೆ ಮಾತ್ರ ಡಿಪಿಪಿಯದು. ನಿಮ್ಮ ಫಾರ್ಮಸಿಗೆ ಚೀಟಿ ಕಳಿಸುವ ಸರ್ಜರಿಗಳಲ್ಲಿ ಫಾರ್ಮಸಿಸ್ಟ್ ಇದ್ದೇ ಇರುತ್ತಾರೆ, ಫೋನಿನಲ್ಲಿ ಮಾತಾಡಿರುತ್ತೀರಿ ಕೂಡ. ಈಮೇಲ್ ಬೇಡ, ಖುದ್ದಾಗಿ ಹೋಗಿ. ವಾರಕ್ಕೆ ಅರ್ಧ ದಿನ ನಿಮ್ಮ ಬಿಪಿ ಕ್ಲಿನಿಕ್ಕಿನಲ್ಲಿ ಕೂರುತ್ತೇನೆ, ಬದಲಿಗೆ ಬಾಕಿ ಬಿದ್ದಿರುವ ಬಿಪಿ ರಿವ್ಯೂ ಮಾಡಿಕೊಡುತ್ತೇನೆ ಅಂತ ಕೇಳಿ. ದುಡ್ಡು ಪಡೆದು ಸಹಿ ಹಾಕಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ದುಡ್ಡು ಪಡೆಯುವುದು ತಪ್ಪಲ್ಲ, ಆದರೆ ನಿಮ್ಮನ್ನು ಎಷ್ಟು ಗಂಟೆ ಕಣ್ಣಾರೆ ನೋಡುತ್ತಾರೆ ಎಂದು ಕೇಳಿ, ಉತ್ತರ ತೊದಲಿದರೆ ಎದ್ದು ಬನ್ನಿ.

ಮ್ಯಾನೇಜರ್ ಅವಸರ ಮಾಡುತ್ತಿದ್ದಾರೆ ಅಂದಿರಿ. ಅವರನ್ನೊಂದು ಮಾತು ಕೇಳಿ: ಕೋರ್ಸ್ ಮುಗಿದಮೇಲೆ ನಾನು ಏನು ಬರೆಯಬೇಕು, ಯಾರ ದುಡ್ಡಿನಲ್ಲಿ? ಸ್ಕಾಟ್ಲೆಂಡಿನಲ್ಲಿ 2020ರಿಂದ ಫಾರ್ಮಸಿ ಫಸ್ಟ್ ಪ್ಲಸ್ ಇದೆ, ಅಲ್ಲಿನ ಪ್ರಿಸ್ಕ್ರೈಬರ್ ಫಾರ್ಮಸಿಸ್ಟ್ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆಯ, ಲೆಕ್ಕದಲ್ಲೇ ಬರೆಯುತ್ತಾರೆ. ವೇಲ್ಸಿನಲ್ಲೂ ಅಂಥದೇ ಸೇವೆ ಇದೆ. ಇಂಗ್ಲೆಂಡ್ ಹಿಂದೆ ಬಿದ್ದಿದೆ. ಪಾತ್‌ಫೈಂಡರ್ ಎಂಬ ಹೆಸರಿನಲ್ಲಿ ಆಯ್ದ ಫಾರ್ಮಸಿಗಳಲ್ಲಿ ಪ್ರಯೋಗ ನಡೆಸಿದರು. ಆ ಥರ ಯಾವುದಾದರೂ ಎನ್‌ಎಚ್‌ಎಸ್ ಒಪ್ಪಂದ ನಿಮ್ಮ ಫಾರ್ಮಸಿಗೆ ಇಲ್ಲದಿದ್ದರೆ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಪ್ರಿಸ್ಕ್ರೈಬರ್ ಅಂತ ಬಂದರೂ ಎನ್‌ಎಚ್‌ಎಸ್ ಚೀಟಿ ಬರೆಯಲು ಆಗುವುದಿಲ್ಲ, ಖಾಸಗಿ ಚೀಟಿ ಮಾತ್ರ. ಬಳಸದ ಕೈ ತುಕ್ಕು ಹಿಡಿಯುತ್ತದೆ. ಕೋರ್ಸ್ ಮುಗಿಸಿ ವರ್ಷಗಟ್ಟಲೆ ಒಂದೂ ಚೀಟಿ ಬರೆಯದೆ ಈಗ ಹೆದರಿ ಕೂತಿರುವವರು ನಮ್ಮ ಕನ್ನಡ ಫಾರ್ಮಸಿಸ್ಟರಲ್ಲೇ ಇದ್ದಾರೆ. ಬರೆದರೂ, ತಾನೇ ಬರೆದ ಚೀಟಿಗೆ ತಾನೇ ಔಷಧಿ ಕೊಡುವುದು ಸರಿಯಲ್ಲ ಅನ್ನುವುದು ಜಿಪಿಎಚ್‌ಸಿ ಮಾತು, ಎರಡನೇ ಕಣ್ಣು ಬೇಕು. ಒಬ್ಬರೇ ಫಾರ್ಮಸಿಸ್ಟ್ ಇರುವ ಅಂಗಡಿಯಲ್ಲಿ ಆ ಕಣ್ಣು ಎಲ್ಲಿಂದ ಬರುತ್ತದೆ? ಇದನ್ನೂ ಅವರನ್ನೇ ಕೇಳಿ.

ತಪ್ಪಾದರೆ ಯಾರ ತಲೆಗೆ ಅಂದಿರಿ. ಚೀಟಿ ಬರೆದವರ ತಲೆಗೆ. ಡಿಪಿಪಿ ಹಿಂದೆ ಬರುವುದಿಲ್ಲ, ವಿಶ್ವವಿದ್ಯಾಲಯ ಬರುವುದಿಲ್ಲ. ಈಗಿರುವ ವಿಮೆಯಲ್ಲಿ ಔಷಧಿ ಬರೆಯುವುದು ಸೇರಿದೆಯಾ ಅಂತ ಕಾಗದದಲ್ಲಿ ಕೇಳಿ ತಗೊಳ್ಳಿ, ಬಹಳ ಸಲ ಸೇರಿರುವುದಿಲ್ಲ. ಇಂಗ್ಲೆಂಡಿನ ಜಿಪಿ ಸರ್ಜರಿಯ ಎನ್‌ಎಚ್‌ಎಸ್ ಕೆಲಸಕ್ಕೆ 2019ರ ಏಪ್ರಿಲ್‌ನಿಂದ ಸರ್ಕಾರದ್ದೇ ರಕ್ಷಣೆ ಇದೆ. ಆದರೆ ಅದು ಪರಿಹಾರದ ದುಡ್ಡಿಗೆ. ಕೌನ್ಸಿಲ್ ವಿಚಾರಣೆಗೆ ಕರೆದರೆ ವಕೀಲರ ಖರ್ಚು ನಿಮ್ಮದೇ, ಅದಕ್ಕೆ ಬೇರೆ ವಿಮೆ ಬೇಕು. ಹಾಗಂತ ಡಾಕ್ಟರು ಬರೆದರೆ ತಪ್ಪಾಗುವುದಿಲ್ಲ, ನಾವು ಬರೆದರೆ ಆಗುತ್ತದೆ ಅನ್ನುವುದೂ ಸುಮ್ನೆ ಮಾತು. 2012ರಲ್ಲಿ ಇಂಗ್ಲೆಂಡಿನ ಜಿಪಿ ಚೀಟಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಸುಮಾರು 20ರಲ್ಲಿ ಒಂದು ಔಷಧಿಗೆ ಏನೋ ಒಂದು ದೋಷ ಕಂಡಿತ್ತು, ಗಂಭೀರವಾದದ್ದು 550ರಲ್ಲಿ ಒಂದು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಮಾಡಿ ತೂಗುವ ಕೊಕ್ರೇನ್ ಸಂಸ್ಥೆಯ 2016ರ ಪರಿಶೀಲನೆ 46 ಅಧ್ಯಯನಗಳನ್ನು ಒಟ್ಟಿಗೆ ನೋಡಿತು, ಅದರಲ್ಲಿ 20 ಫಾರ್ಮಸಿಸ್ಟರ ಮೇಲಿನವು. ಬಿಪಿ, ಶುಗರ್, ಕೊಲೆಸ್ಟರಾಲ್ ಹಿಡಿತದಲ್ಲಿ ಫಾರ್ಮಸಿಸ್ಟ್ ಮತ್ತು ನರ್ಸ್‌ಗಳು ಡಾಕ್ಟರಿಗೆ ಕಡಿಮೆಯೇನಿಲ್ಲ ಅಂತ ಬಂತು. ಇದನ್ನು ಹಿಡಿದು ಕುಣಿಯುವವರಿಗೆ ನಾನು ಹೇಳುವುದು, ಅಲ್ಲಿ ಇದ್ದದ್ದು ಹೆಚ್ಚಾಗಿ ರೋಗ ಯಾವುದೆಂದು ಮೊದಲೇ ಗೊತ್ತಿದ್ದ, ವರ್ಷಗಟ್ಟಲೆ ನಡೆಯುವ ಕಾಯಿಲೆಗಳು. ಬಾಗಿಲು ತಳ್ಳಿಕೊಂಡು ಹೊಟ್ಟೆನೋವು ಅಂತ ಬರುವವರ ಮಾತೇ ಬೇರೆ.

ನಿಮ್ಮ ಯಜಮಾನರ ಆನ್‌ಲೈನ್ ಸಲಹೆಗೆ, ಈಗ ಬೇಡ ಅನ್ನುತ್ತೇನೆ. ತೂಕದ ಇಂಜೆಕ್ಷನ್ ಕೆಟ್ಟದ್ದು ಅಂತ ಅಲ್ಲ, ಅವು ಕೆಲಸ ಮಾಡುತ್ತವೆ. ಆದರೆ ಹೊಸ ಪ್ರಿಸ್ಕ್ರೈಬರ್ ಒಬ್ಬಳೇ ಕೂತು, ಮುಖ ಕಾಣದವರ ಫಾರಂ ಒಂದರ ಹಿಂದೊಂದು ಒಪ್ಪುತ್ತಾ ಹೋಗುವ ಕೆಲಸ ಅದು. ಜನ ಫಾರಂನಲ್ಲಿ ತೂಕ ಸುಳ್ಳು ಬರೆಯುತ್ತಾರೆ. ಅದಕ್ಕೇ 2025ರ ಫೆಬ್ರವರಿಯಲ್ಲಿ ಜಿಪಿಎಚ್‌ಸಿ, ಬರೀ ಪ್ರಶ್ನಾವಳಿ ನಂಬಿ ಈ ಔಷಧಿ ಬರೆಯುವ ಹಾಗಿಲ್ಲ, ವಿಡಿಯೋದಲ್ಲೋ ಎದುರಿಗೋ ನೋಡಿ, ಇಲ್ಲವೇ ಜಿಪಿ ದಾಖಲೆಯಿಂದ ತೂಕ ಎತ್ತರ ಖಚಿತಪಡಿಸಿಕೊಳ್ಳಿ ಎಂದು ಬಿಗಿ ಮಾಡಿತು. ಮೌಂಜಾರೊ ಎಂಬ ತೂಕದ ಇಂಜೆಕ್ಷನ್ ಶುರು ಮಾಡುವ ಹೆಂಗಸು ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ, ಶುರುವಾದ ನಾಲ್ಕು ವಾರ ಮತ್ತು ಪ್ರತಿ ಸಲ ಡೋಸ್ ಏರಿಸಿದ ಮೇಲೆ ನಾಲ್ಕು ವಾರ ಕಾಂಡೋಮ್ ಕೂಡ ಬಳಸಬೇಕು. ಇದನ್ನು ಫಾರಂ ಹೇಳಿದರೂ ಆಕೆಗೆ ಅರ್ಥ ಆಯ್ತಾ ಅಂತ ಮುಖ ನೋಡಿಯೇ ತಿಳಿಯಬೇಕು. ಎರಡು ಮೂರು ವರ್ಷ ಎಲ್ಲಾದರೂ ಪಕ್ಕದ ಕೋಣೆಯಲ್ಲಿ ಹಿರಿಯರು ಇರುವ ಕಡೆ ಬರೆಯಿರಿ, ಆಮೇಲೆ ಬೇಕಾದರೆ ಯೋಚಿಸಿ.

ಹಾಗಾಗಿ ನನ್ನ ಲೆಕ್ಕದಲ್ಲಿ ಕೋರ್ಸ್ ಮಾಡಿ, ಆದರೆ ಈ ಕ್ರಮದಲ್ಲಿ: ಮೊದಲು ಡಿಪಿಪಿ, ಜೊತೆಗೆ ವ್ಯಾಪ್ತಿ, ಆಮೇಲೆ ಕೋರ್ಸ್ ಮುಗಿದಮೇಲೆ ಬರೆಯುವ ಜಾಗ, ಕೊನೆಗೆ ವಿಶ್ವವಿದ್ಯಾಲಯ. ಎನ್‌ಎಚ್‌ಎಸ್ ದುಡ್ಡು ಕೊಡುವ ಸೀಟುಗಳೂ ಬಂದಿವೆ, ಸ್ವಂತ ದುಡ್ಡು ಕಟ್ಟುವ ಮೊದಲು ವಿಚಾರಿಸಿ. ಡಿಪಿಪಿ ಸಿಗದಿದ್ದರೆ ಮುಂದಿನ ಬ್ಯಾಚಿಗೆ ಹೋಗಿ, ಏನೂ ಮುಳುಗುವುದಿಲ್ಲ. ಮಾಡುವುದೇ ಬೇಡ ಅನ್ನಿಸಿದರೂ ಸರಿ. ಹೊಸ ಪ್ರಿಸ್ಕ್ರೈಬರುಗಳ ಚೀಟಿಗಳನ್ನು ಜಾಗ್ರತೆಯಿಂದ ನೋಡುವವರು ಮುಂದೆ ಇನ್ನೂ ಜಾಸ್ತಿ ಬೇಕಾಗುತ್ತಾರೆ.

ಅಮ್ಮನ ಪ್ರಶ್ನೆ ಉಳಿಯಿತು. ಆಗುವುದಿಲ್ಲ ಅಂತ ಹೇಳಿಬಿಡಿ. ಭಾರತದಲ್ಲಿ ಫಾರ್ಮಸಿಸ್ಟರಿಗೆ ಚೀಟಿ ಬರೆಯುವ ಹಕ್ಕಿಲ್ಲ, 2008ರಲ್ಲಿ ಶುರುವಾದ ಫಾರ್ಮ್.ಡಿ ಓದಿದವರಿಗೂ ಇಲ್ಲ, ಇಲ್ಲಿನ ಅರ್ಹತೆಗೆ ಅಲ್ಲಿ ಬೆಲೆಯೂ ಇಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿದ್ದೆಲ್ಲ ಕೊಡುತ್ತಾರಲ್ಲ ಅಂತ ಅವರು ಅಂದರೆ, ಅದು ಬೇರೆ ರೋಗ, ಅದಕ್ಕೆ ಇನ್ನೊಂದು ಪತ್ರ ಬರೆಯಿರಿ. ಇನ್ನೊಂದು, ನೀವು ಪ್ರಿಸ್ಕ್ರೈಬರ್ ಆದ ಸುದ್ದಿ ಊರಿಗೆ ಮುಟ್ಟಿದ ದಿನದಿಂದ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬ್ಲಡ್ ರಿಪೋರ್ಟಿನ ಫೋಟೋಗಳು ಬರಲು ಶುರುವಾಗುತ್ತವೆ. ನಿಮಗೆ, ನಿಮ್ಮ ಹತ್ತಿರದವರಿಗೆ ನೀವೇ ಔಷಧಿ ಬರೆಯಬೇಡಿ ಅಂತ ಜಿಪಿಎಚ್‌ಸಿ ಹೇಳುವುದು ಲೆಸ್ಟರ್‌ನಲ್ಲಿರುವ ಗಂಡನಿಗೂ ಅನ್ವಯ. ದಾವಣಗೆರೆಯ ಮಾವನ ಬಿಪಿ ಮಾತ್ರೆ ಅಮ್ಲೋಡಿಪಿನ್ 5ರಿಂದ 10ಕ್ಕೆ ಏರಿಸಬೇಕಾ ಅಂತ ಕೇಳಿದರೆ, ಕಾಲು ಊದಿದೆಯಾ ಅಂತ ವಿಚಾರಿಸಿ, ರಿಪೋರ್ಟ್ ಓದಿ ಅರ್ಥ ಹೇಳಿ, ಡೋಸ್ ಮಾತ್ರ ಅವರ ಡಾಕ್ಟರನ್ನೇ ಕೇಳಲಿ.